ಜನವರಿಯ ಬೆಲೆಪಟ್ಟಿಗೆ ಲೆಕ್ಕ ಕೊಡಿ: ಕಾರು ತಯಾರಕರಿಗೆ ಬೆಳಗಾವಿಯಿಂದ ಒಂದು ಬಹಿರಂಗ ಪತ್ರ

ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ಗಳನ್ನು, ಅಂದರೆ ಹುರುಪಿನ ಓಟಕ್ಕೆ ಹೆಸರಾದ ಸಣ್ಣ ಕಾರುಗಳನ್ನು, ತಯಾರಿಸುವ ಕಂಪನಿಗಳ ಉತ್ಪನ್ನ ಯೋಜನೆ ಹಾಗೂ ಬೆಲೆ ನಿಗದಿ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ನಿಮ್ಮ ಪ್ರಕಟಣೆ ಬರುತ್ತದೆ. ಕಚ್ಚಾ ವಸ್ತುಗಳು ದುಬಾರಿಯಾಗಿವೆ, ಸಾಗಣೆ ವೆಚ್ಚ ಹೆಚ್ಚಿದೆ, ಆದ್ದರಿಂದ ಜನವರಿಯಿಂದ ಕಾರುಗಳ ಬೆಲೆ ಏರಲಿದೆ ಎಂಬುದು ಅದರ ಸಾರ. ಕೆಲವು ತಿಂಗಳ ಬಳಿಕ ಅದೇ ಕಾರು ಹೊಸ ವರ್ಷದ ಮಾದರಿ ಎಂಬ ಫಲಕ ಹೊತ್ತು ಶೋರೂಮಿನಲ್ಲಿ ನಿಂತಿರುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದು ಹೊಸ ಬಣ್ಣ, ಕಪ್ಪಾದ ಅಲಾಯ್ ಚಕ್ರ, ಸೀಟಿನ ಅಂಚಿಗೆ ಕೆಂಪು ಹೊಲಿಗೆ. ಬಾನೆಟ್ ಎತ್ತಿದರೆ ಹೋದ ವರ್ಷದ ಎಂಜಿನ್, ಹೋದ ವರ್ಷದ ಗೇರ್‌ಬಾಕ್ಸ್. ಬೆಲೆ ಏರಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಏರಿದ ಹಣ ಕಾರಿನ ಯಾವ ಭಾಗಕ್ಕೆ ಹೋಯಿತು ಎಂಬುದನ್ನು ಕೊಳ್ಳುವವನಿಗೆ ಬರೆದು ತಿಳಿಸಿ ಎಂದು ಕೇಳುತ್ತಿದ್ದೇನೆ. ಹೀಗೆ ಕೇಳುವುದಕ್ಕೆ ನನಗೆ ಒಂದು ಕಾರಣವಿದೆ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಷಿನ್ ಶಾಪ್ ನಡೆಸುವವನು. ಸುತ್ತಲಿನ ಫೌಂಡ್ರಿಗಳಿಂದ ಎರಕದ ಭಾಗಗಳು ಬರುತ್ತವೆ. ನಾವು ಅವುಗಳನ್ನು ಲೇಥ್‌ಗೆ, ಸಿಎನ್‌ಸಿ ಯಂತ್ರಕ್ಕೆ ಹಾಕಿ, ಅಳತೆಗೆ ತಂದು ಕಳುಹಿಸುತ್ತೇವೆ. ಉದ್ಯಮಬಾಗ್, ಮಚ್ಛೆ, ಹೊನಗಾ ಕಡೆಯ ನೂರಾರು ಶೆಡ್‌ಗಳ ಬದುಕು ಇದೇ. ಈ ಊರಿನ ಕಬ್ಬಿಣ ದೇಶದ ಎಷ್ಟೋ ವಾಹನಗಳ ಒಳಗೆ ಸೇರಿದೆ. ನಮ್ಮ ಮೇಜಿನ ಮೇಲೆ ಬರುವ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ಒಂದು ಚೌಕವಿರುತ್ತದೆ. ಯಾವ ರಿವಿಷನ್, ಯಾವ ದಿನಾಂಕ, ಏನು ಬದಲಾಯಿತು, ಯಾರು ಒಪ್ಪಿಗೆ ಕೊಟ್ಟರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ರಂಧ್ರದ ವ್ಯಾಸ ಕೂದಲೆಳೆಯಷ್ಟು ಬದಲಾದರೂ ಅಲ್ಲಿ ಬರೆಯಬೇಕು. ಹೊಸ ಮಾದರಿ ಭಾಗ ತಯಾರಿಸಿ, ಅಳತೆಯ ವರದಿಯ ಜತೆಗೆ ಕಳುಹಿಸಿ, ಒಪ್ಪಿಗೆ ಬಂದ ಮೇಲೆಯೇ ಉತ್ಪಾದನೆ ಆರಂಭ. ಬದಲಾವಣೆಯನ್ನು ದಾಖಲಿಸದೆ ಭಾಗ ಕಳುಹಿಸಿದರೆ ಇಡೀ ಲಾಟ್ ವಾಪಸ್ ಬರುತ್ತದೆ. ಈ ಶಿಸ್ತನ್ನು ನಮಗೆ ಕಲಿಸಿದ್ದು ವಾಹನ ಉದ್ಯಮವೇ. ಅದಕ್ಕಾಗಿ ನನಗೆ ನಿಮ್ಮ ಬಗ್ಗೆ ಗೌರವವಿದೆ.

ದರದ ವಿಷಯದಲ್ಲಂತೂ ಶಿಸ್ತು ಇನ್ನೂ ಬಿಗಿ. ಒಂದು ಭಾಗಕ್ಕೆ ದರ ಕೇಳಿದರೆ ಒಟ್ಟು ಮೊತ್ತ ಬರೆದು ಕೊಟ್ಟರೆ ಸಾಲದು. ಎರಕದ ತೂಕ ಎಷ್ಟು, ಕಿಲೋಗೆ ಎಷ್ಟು, ಯಂತ್ರದ ಗಂಟೆ ದರ ಎಷ್ಟು, ಟೂಲಿಂಗ್ ಎಷ್ಟು, ತಿರಸ್ಕೃತ ಭಾಗಗಳಿಗೆ ಎಷ್ಟು, ಪ್ಯಾಕಿಂಗ್ ಎಷ್ಟು, ಲಾಭ ಎಷ್ಟು ಎಂದು ಬಿಡಿಸಿ ಕೊಡಬೇಕು. ಬೀಡುಕಬ್ಬಿಣದ ಬೆಲೆ ಏರಿದರೆ ಅದಕ್ಕೊಂದು ಸೂತ್ರವಿದೆ. ಮಾರುಕಟ್ಟೆ ದರ ನೋಡಿ ಏರಿಕೆಯಷ್ಟನ್ನೇ ಕೊಡುತ್ತಾರೆ, ಇಳಿದಾಗ ಇಳಿದಷ್ಟನ್ನು ಕಡಿತ ಮಾಡುತ್ತಾರೆ. ಇದೆಲ್ಲದರ ಮೇಲೆ ವಾರ್ಷಿಕ ದರ ಇಳಿಕೆ ಎಂಬುದೊಂದಿದೆ. ಅದೇ ಭಾಗವನ್ನು ಎರಡನೆಯ ವರ್ಷ, ಮೂರನೆಯ ವರ್ಷ ತಯಾರಿಸುವಾಗ ಕೈ ಪಳಗಿರುತ್ತದೆ, ಅಚ್ಚಿನ ಖರ್ಚು ತೀರಿರುತ್ತದೆ, ಹಾಳಾಗುವ ಭಾಗಗಳು ಕಡಿಮೆಯಾಗಿರುತ್ತವೆ, ಆದ್ದರಿಂದ ದರ ಇಳಿಸಿ ಎಂಬುದು ಖರೀದಿ ವಿಭಾಗಗಳ ತರ್ಕ. ಆ ತರ್ಕ ತಪ್ಪಲ್ಲ. ನಾವು ಒಪ್ಪಿ, ಇಳಿಸಿ, ಬದುಕಿದ್ದೇವೆ.

ಹಾಗಿದ್ದರೆ ಅದೇ ತರ್ಕ ಶೋರೂಮಿನ ಬಾಗಿಲ ಬಳಿ ಯಾಕೆ ನಿಂತುಹೋಗಬೇಕು? ನಾಲ್ಕನೆಯ ವರ್ಷಕ್ಕೆ ಕಾಲಿಟ್ಟ ಒಂದು ಹ್ಯಾಚ್‌ಬ್ಯಾಕ್‌ನ ಡೈಗಳ ಖರ್ಚು ಬಹುಪಾಲು ತೀರಿರುತ್ತದೆ. ಅಸೆಂಬ್ಲಿ ಲೈನಿನ ಕೈಗಳು ಪಳಗಿರುತ್ತವೆ. ನನ್ನಂಥವರಿಂದ ಪಡೆದ ದರ ಇಳಿಕೆ ನಿಮ್ಮ ಪುಸ್ತಕದಲ್ಲಿದೆ. ಉಕ್ಕು ದುಬಾರಿಯಾದಾಗ ಅದನ್ನು ಕಾರಣವಾಗಿ ಹೇಳುತ್ತೀರಿ. ಆ ಮಾತು ಸುಳ್ಳಲ್ಲ. 2021 ಮತ್ತು 2022ರ ಆರಂಭದಲ್ಲಿ ಉಕ್ಕಿನ ಬೆಲೆ ಎಷ್ಟು ಏರಿತೆಂದರೆ 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಫ್ತು ಸುಂಕ ಹಾಕಬೇಕಾಯಿತು. ಚಿಪ್ ಕೊರತೆಯೂ ಆಗಲೇ ಕಾಡಿತು. ಆದರೆ ಆ ನವೆಂಬರ್‌ನಲ್ಲಿ ಸುಂಕ ತೆಗೆಯುವಷ್ಟರಲ್ಲಿ ಉಕ್ಕು ಇಳಿದಿತ್ತು, ಕಾರಿನ ಬೆಲೆ ಇಳಿಯಲಿಲ್ಲ. ಏರಿಕೆಗೆ ಸೂತ್ರವಿದ್ದ ಮೇಲೆ ಇಳಿಕೆಗೂ ಅದೇ ಸೂತ್ರ ಇರಬೇಕು. ನಮ್ಮ ಬಿಲ್ಲಿನಲ್ಲಿ ಅದು ಹಾಗೆಯೇ ಇದೆ.

ಬದಲಾವಣೆಗಳೆಲ್ಲ ತೋರಿಕೆಯವು ಎಂದು ಸಾರಾಸಗಟಾಗಿ ಹೇಳಿದರೆ ಅದು ಅನ್ಯಾಯ. ಹ್ಯುಂಡೈ ಐ20 ಕಾರಿನ ಸ್ಪೋರ್ಟಿ ರೂಪವಾದ ಎನ್ ಲೈನ್ ಅನ್ನೇ ತೆಗೆದುಕೊಳ್ಳಿ. 2021ರ ಸೆಪ್ಟೆಂಬರ್‌ನಲ್ಲಿ ಅದು 9.84 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಬಂದಾಗ ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ 998 ಸಿಸಿಯ ಟರ್ಬೊ ಎಂಜಿನ್ 120 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ) ಕೊಡುತ್ತಿತ್ತು. ಕೈಯಿಂದ ಗೇರ್ ಬದಲಿಸುವ ಆಸೆಯಿದ್ದವನಿಗೆ ಸಿಗುತ್ತಿದ್ದುದು ಕ್ಲಚ್ ಪೆಡಲ್ ಇಲ್ಲದ ಗೇರ್‌ಬಾಕ್ಸ್. 2023ರ ಸೆಪ್ಟೆಂಬರ್‌ನ ಪರಿಷ್ಕರಣೆಯಲ್ಲಿ ಎಂಜಿನ್ ಹಾಗೆಯೇ ಉಳಿಯಿತು. ಆದರೆ ಕ್ಲಚ್ ಇರುವ ನಿಜವಾದ ಆರು ಗೇರಿನ ಮ್ಯಾನುವಲ್ ಬಂತು, ಕೆಳಗಿನ ದರ್ಜೆಯ ವೇರಿಯಂಟಿಗೂ ಆರು ಏರ್‌ಬ್ಯಾಗ್ ಬಂದವು, ಎಲ್ಲ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಬಂತು. ಆರಂಭಿಕ ಬೆಲೆ 9.99 ಲಕ್ಷ. ಎರಡು ವರ್ಷಕ್ಕೆ ಹದಿನೈದು ಸಾವಿರ. ಇದಕ್ಕೆ ನಾನು ತಕರಾರು ತೆಗೆಯುವುದಿಲ್ಲ. ಕೊಟ್ಟ ಹಣ ಕೈಗೆ, ಕಾಲಿಗೆ, ಎದೆಯ ಮುಂದಿನ ಏರ್‌ಬ್ಯಾಗಿಗೆ ತಲುಪಿದೆ.

ಆದರೆ ಅದೇ ತಿಂಗಳು ಇನ್ನೊಂದು ಬದಲಾವಣೆಯೂ ಆಯಿತು, ಅದರ ಬಗ್ಗೆ ಯಾರೂ ಜಾಹೀರಾತು ಕೊಡಲಿಲ್ಲ. 2020ರ ನವೆಂಬರ್‌ನಲ್ಲಿ ಸಾಮಾನ್ಯ ಐ20ಯಲ್ಲೇ ಈ ಟರ್ಬೊ ಎಂಜಿನ್ 8.79 ಲಕ್ಷದಿಂದ ಸಿಗುತ್ತಿತ್ತು. 2023ರ ಪರಿಷ್ಕರಣೆಯ ಬಳಿಕ ಸಾಮಾನ್ಯ ಐ20ಯಿಂದ ಟರ್ಬೊವನ್ನು ತೆಗೆದುಹಾಕಲಾಯಿತು. ಆ ಎಂಜಿನ್ ಬೇಕಾದವನು ಎನ್ ಲೈನ್ ಅನ್ನೇ, ಅದರ ಬಂಪರ್, ಲಾಂಛನ, ಕೆಂಪು ಗೆರೆಗಳ ಸಮೇತ, ಕೊಳ್ಳಬೇಕು. ಬೆಲೆಪಟ್ಟಿಯ ಶೇಕಡಾವಾರು ಏರಿಕೆಯಲ್ಲಿ ಈ ಬಗೆಯ ಏರಿಕೆ ಕಾಣಿಸುವುದೇ ಇಲ್ಲ. ಅಗ್ಗದ ಬಾಗಿಲನ್ನು ಮುಚ್ಚಿ, ದುಬಾರಿ ಬಾಗಿಲಿನ ದರವನ್ನು ಸ್ಥಿರವಾಗಿಟ್ಟರೂ ಕೊಳ್ಳುವವನಿಗೆ ಅದು ಏರಿಕೆಯೇ. ಇದನ್ನು ಮಾಡಿದ್ದು ಒಂದೇ ಕಂಪನಿಯಲ್ಲ. ಒಳ್ಳೆಯ ಎಂಜಿನ್ ಅಥವಾ ಒಳ್ಳೆಯ ಬ್ರೇಕನ್ನು ಸನ್‌ರೂಫ್ ಇರುವ ಮೇಲ್ದರ್ಜೆಗೆ ಕಟ್ಟಿಹಾಕುವುದು ಈ ಉದ್ಯಮದ ರೂಢಿಯಾಗಿದೆ.

ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ. ಟೊಯೊಟಾದ ಜಿಆರ್ ಕೊರೊಲ್ಲಾ ಭಾರತದಲ್ಲಿ ಮಾರಾಟಕ್ಕಿಲ್ಲ. ಅಮೆರಿಕದಲ್ಲಿ 2023ರ ಮಾದರಿಯಾಗಿ ಬಂದಾಗ ಅದರ 1.6 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್ 300 ಅಶ್ವಶಕ್ತಿ, 370 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. 2025ರ ಮಾದರಿಗೆ ಟಾರ್ಕ್ 400ಕ್ಕೆ ಏರಿತು, ಎಂಟು ಗೇರಿನ ಆಟೊಮ್ಯಾಟಿಕ್ ಆಯ್ಕೆ ಸೇರಿತು. 2026ರ ಮಾದರಿಗೆ ಕಾರಿನ ಕವಚದ ಜೋಡಣೆಗಳಲ್ಲಿ ಹೆಚ್ಚುವರಿ ಅಂಟು ಹಾಕಿ ಬಿಗಿ ಹೆಚ್ಚಿಸಿದರು, ಎಂಜಿನ್ನಿಗೆ ತಂಪು ಗಾಳಿ ಒಯ್ಯುವ ದಾರಿ ಸುಧಾರಿಸಿದರು. ಅಲ್ಲಿಯೂ ಬೆಲೆ ಏರಿದೆ, ಅದು ಹೆಚ್ಚಾಯಿತೆಂದು ಹೇಳುವವರೂ ಇದ್ದಾರೆ. ಆದರೆ ವಾದ ನಡೆಯುವುದು ನ್ಯೂಟನ್ ಮೀಟರ್ ಬಗ್ಗೆ, ಕವಚದ ಬಿಗಿಯ ಬಗ್ಗೆ. ಈ ಸುಧಾರಣೆಗೆ ಇಷ್ಟು ಹಣ ಸರಿಯೇ ಎಂದು ತೂಗಿ ನೋಡಬಹುದು. ನಮ್ಮಲ್ಲಿ ತೂಗುವುದಕ್ಕೆ ತಕ್ಕಡಿಯ ಮೇಲೆ ಏನೂ ಇಟ್ಟಿರುವುದಿಲ್ಲ.

ನಮ್ಮ ದೇಶದಲ್ಲಿ ಈ ಬಗೆಯ ಕಾರುಗಳು ಬಂದು ಹೋದ ಕತೆ ನನಗೆ ನೋವು ಕೊಡುವಂಥದು. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 7.99 ಲಕ್ಷಕ್ಕೆ ಬಂತು, 105 ಪಿಎಸ್. 2015ರಲ್ಲಿ ಫಿಯೆಟ್‌ನ ಅಬಾರ್ತ್ ಪುಂಟೊ 9.95 ಲಕ್ಷಕ್ಕೆ 145 ಪಿಎಸ್ ಕೊಟ್ಟಿತು. 2017ರಲ್ಲಿ ಮಾರುತಿಯ ಬಲೆನೊ ಆರ್‌ಎಸ್, 2018ರಲ್ಲಿ ಟಾಟಾದ 6.39 ಲಕ್ಷದ ಟಿಯಾಗೊ ಜೆಟಿಪಿ. ಜೆಟಿಪಿಯ 114 ಪಿಎಸ್ ಆ ಬೆಲೆಗೆ ನಂಬಲಾಗದಂಥ ಕೊಡುಗೆಯಾಗಿತ್ತು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಬಲೆನೊ ಆರ್‌ಎಸ್ ಮತ್ತು ಜೆಟಿಪಿ ಉಳಿಯಲಿಲ್ಲ. ಪೋಲೊ 2022ರಲ್ಲಿ ವಿದಾಯ ಹೇಳಿತು. ಇವು ಸಣ್ಣ ಸಂಖ್ಯೆಯಲ್ಲಿ ಮಾರಾಟವಾಗುವ ಕಾರುಗಳು. ಎಂಜಿನ್ ಹೊಂದಿಸುವ, ಸಸ್ಪೆನ್ಶನ್ ಪಳಗಿಸುವ, ಹೊಸ ನಿಯಮಕ್ಕೆ ಮತ್ತೆ ಪರೀಕ್ಷೆ ಮಾಡಿಸುವ ಖರ್ಚು ಕಡಿಮೆ ಕಾರುಗಳ ಮೇಲೆ ಹಂಚಿಕೆಯಾಗುತ್ತದೆ, ಹಾಗಾಗಿ ಪ್ರತಿ ಕಾರಿನ ಮೇಲೆ ಭಾರ ಹೆಚ್ಚು. ಸಣ್ಣ ಲಾಟ್ ಎಂದರೆ ಏನೆಂದು ಮಷಿನ್ ಶಾಪ್‌ನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2015ರ ಹತ್ತು ಲಕ್ಷ ಇಂದಿನ ಹತ್ತು ಲಕ್ಷವಲ್ಲ ಎಂಬುದೂ ಗೊತ್ತು. ನಿಮಗೆ ನಷ್ಟವಾಗಲಿ ಎಂದು ನಾನು ಬಯಸುವುದಿಲ್ಲ. ಟಾಟಾ 2024ರ ಜೂನ್‌ನಲ್ಲಿ 120 ಪಿಎಸ್‌ನ ಆಲ್ಟ್ರೋಜ್ ರೇಸರ್ ಅನ್ನು 9.49 ಲಕ್ಷದಿಂದ ತಂದಾಗ ನನಗೆ ನಿಜವಾಗಿ ಸಂತೋಷವಾಯಿತು. ಈ ವರ್ಗ ಬದುಕಬೇಕು. ಕೊಳ್ಳುವವನ ನಂಬಿಕೆ ಕಳೆದುಕೊಂಡರೆ ಅದು ಬದುಕುವುದಿಲ್ಲ ಎಂಬುದೇ ನನ್ನ ಆತಂಕ.

ಕಾನೂನಿನ ಪಾಲಿನ ಖರ್ಚು ಬೇರೆಯೇ. ಬ್ರೇಕ್ ಒತ್ತಿದಾಗ ಚಕ್ರ ಸಿಲುಕದಂತೆ ತಡೆಯುವ ಎಬಿಎಸ್, ಎರಡು ಏರ್‌ಬ್ಯಾಗ್, ಬಿಎಸ್6, 2023ರ ಏಪ್ರಿಲ್‌ನಿಂದ ರಸ್ತೆಯ ಮೇಲಿನ ಹೊಗೆಯ ಅಳತೆ, ಎಥೆನಾಲ್ ಬೆರೆತ ಪೆಟ್ರೋಲಿಗೆ ಒಗ್ಗುವ ಭಾಗಗಳು. ಇವಕ್ಕೆ ಹಣ ಕೊಡುವುದರಲ್ಲಿ ನನಗೆ ಬೇಸರವಿಲ್ಲ, ಕಾನೂನಿನ ಹೆಸರಿನಲ್ಲಿ ಇಷ್ಟು ಎಂದು ತಿಳಿಸಿದರೆ ಸಾಕು. ಮೈಲೇಜಿನ ಒತ್ತಡವೂ ನಿಮ್ಮ ಮೇಲಿದೆ. 2024ರಲ್ಲಿ ಬಂದ ಹೊಸ ಸ್ವಿಫ್ಟ್ 90 ಪಿಎಸ್‌ನಿಂದ 82 ಪಿಎಸ್‌ಗೆ ಇಳಿಯಿತು, ಮೈಲೇಜ್ ಏರಿತು, ಆರು ಏರ್‌ಬ್ಯಾಗ್ ಸೇರಿತು. ಸ್ವಿಫ್ಟನ್ನು ಹುರುಪಿನಿಂದ ಓಡಿಸುತ್ತಿದ್ದ ಹುಡುಗರಿಗೆ ಇದು ಒಪ್ಪಿಗೆಯಾಗದಿರಬಹುದು. ಆದರೆ ಏನು ಹೋಯಿತು, ಏನು ಬಂತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಕಾಣಬೇಕಾದ ಕಡೆ ಏನೂ ಕಾಣದ ಬದಲಾವಣೆಗಳ ಮಾತು. ನೀವು ಒಮ್ಮೆ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟಿಯಲ್ಲಿ ನಿಮ್ಮ ಕಾರನ್ನು ಓಡಿಸಿ ನೋಡಿ. ಅಲ್ಲಿ ಬೇಕಾಗುವುದು ಎರಡನೆಯ, ಮೂರನೆಯ ಗೇರಿನಲ್ಲಿ ಎಳೆಯುವ ಶಕ್ತಿ, ಇಳಿಜಾರಿನಲ್ಲಿ ಬಿಸಿಯಾದರೂ ಸೋಲದ ಬ್ರೇಕ್, ತಿರುವಿನ ನಡುವೆ ಗುಂಡಿ ಬಂದರೆ ಹಾರದೆ ನೆಲ ಹಿಡಿಯುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ಮಳೆಗಾಲ ಮುಗಿದ ಮೇಲೆ ಆ ರಸ್ತೆಯ ಅಂಚುಗಳು ಹರಿದುಹೋಗಿರುತ್ತವೆ. ಹದಿನಾರು ಇಂಚಿನ ಚಕ್ರಕ್ಕೆ ತೆಳ್ಳನೆಯ ಟೈರ್ ಹಾಕಿದ ಕಾರುಗಳು ಟೈರಿನ ಪಕ್ಕೆ ಉಬ್ಬಿಸಿಕೊಂಡು ಊರಿಗೆ ಮರಳುತ್ತವೆ. ಹೀಗಿರುವಾಗ ವರ್ಷದ ಸುಧಾರಣೆ ಎಂದರೆ ಸ್ವಲ್ಪ ದಪ್ಪ ಪಕ್ಕೆಯ ಟೈರ್ ಆಗಬಹುದಿತ್ತು, ಉತ್ತಮ ಬ್ರೇಕ್ ಪ್ಯಾಡ್ ಆಗಬಹುದಿತ್ತು, ಮತ್ತೆ ಹೊಂದಿಸಿದ ಡ್ಯಾಂಪರ್ ಆಗಬಹುದಿತ್ತು. ಬಾಗಿಲು ತೆರೆದಾಗ ನೆಲದ ಮೇಲೆ ಬೀಳುವ ಲಾಂಛನದ ಬೆಳಕು ಚೋರ್ಲಾದಲ್ಲಿ ಯಾರಿಗೂ ನೆರವಾಗುವುದಿಲ್ಲ. ಡ್ಯಾಂಪರ್ ಹೊಂದಿಸುವುದು ಬಣ್ಣ ಬದಲಿಸುವುದಕ್ಕಿಂತ ಕಷ್ಟದ ಕೆಲಸ, ಜಾಹೀರಾತಿನ ಚಿತ್ರದಲ್ಲಿ ಅದು ಕಾಣಿಸುವುದೂ ಇಲ್ಲ. ಆದರೆ ಸ್ಪೋರ್ಟಿ ಎಂಬ ಹೆಸರಿಟ್ಟು ಹೆಚ್ಚು ಹಣ ಕೇಳಿದ ಮೇಲೆ ಆ ಕಷ್ಟ ನಿಮ್ಮದೇ.

ವರ್ಷವರ್ಷದ ಈ ಹೊಸತನಕ್ಕೆ ಹಣ ತೆರುವವರು ಹೊಸ ಗಿರಾಕಿಗಳಷ್ಟೇ ಅಲ್ಲ, ಹಳೆಯ ಗಿರಾಕಿಗಳೂ ಹೌದು. ಈ ಮಾತನ್ನು ಸ್ವಲ್ಪ ಗಮನವಿಟ್ಟು ಓದಬೇಕೆಂದು ವಿನಂತಿ. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಮೊದಲು ಕೇಳುವುದು ಯಾವ ವರ್ಷದ ಕಾರು ಎಂದು, ಎರಡನೆಯದಾಗಿ ಕೇಳುವುದು ಮುಖ ಹಳೆಯದೋ ಹೊಸದೋ ಎಂದು. ಗ್ರಿಲ್ ಬದಲಾದ ದಿನವೇ ಅದಕ್ಕೂ ಮೊದಲು ಕೊಂಡವನ ಕಾರು ಹಳೆಯ ಮಾದರಿಯಾಗಿಬಿಡುತ್ತದೆ. ಯಂತ್ರ ಅದೇ, ಬ್ರೇಕ್ ಅದೇ, ಓಡಿದ ಕಿಲೋಮೀಟರ್ ಕಡಿಮೆ, ಆದರೂ ಬೆಲೆ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ರಿಯಾಯಿತಿ ನೋಡಿ ಕೊಂಡವನ ಕಾರು ಹತ್ತಾರು ದಿನಗಳಲ್ಲಿ ಹಿಂದಿನ ವರ್ಷದ್ದಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಪೆಟ್ಟು ಜೋರಾಗಿಯೇ ಬೀಳುತ್ತದೆ. ಇಲ್ಲಿ ಇಂಥ ಕಾರು ಕೊಳ್ಳುವವರು ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಕಬ್ಬಿನ ರೈತರ ಮಕ್ಕಳು, ಫೌಂಡ್ರಿಯ ಸೂಪರ್‌ವೈಸರ್‌ಗಳು, ಎಂಜಿನಿಯರಿಂಗ್ ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋಗಿ ಮೊದಲ ಸಂಬಳ ಉಳಿಸಿದವರು. ಐದಾರು ವರ್ಷಕ್ಕೆ ಕಾರು ಮಾರಿ ಆ ಹಣವನ್ನು ಮದುವೆಗೋ ಮನೆಗೋ ಹಾಕುವ ಲೆಕ್ಕ ಅವರದು. ಕಾರಣವಿಲ್ಲದೆ ಮುಖ ಬದಲಿಸಿದಾಗ ಅವರ ಆ ಉಳಿತಾಯದಿಂದ ಒಂದು ಪಾಲು ಕರಗುತ್ತದೆ.

ಸಾಲದ ಲೆಕ್ಕವನ್ನೂ ನೋಡಿ. ವಾರ್ಷಿಕ ಶೇ 9ರ ಬಡ್ಡಿಗೆ ಏಳು ವರ್ಷದ ಸಾಲ ತೆಗೆದರೆ, ಐವತ್ತು ಸಾವಿರ ರೂಪಾಯಿಯ ಏರಿಕೆ ತಿಂಗಳ ಕಂತಿಗೆ ಸುಮಾರು 804 ರೂಪಾಯಿ ಸೇರಿಸುತ್ತದೆ. ಕಂತು ಮುಗಿಯುವಷ್ಟರಲ್ಲಿ ಆ ಐವತ್ತು ಸಾವಿರ ಅರುವತ್ತೇಳು ಸಾವಿರ ದಾಟಿರುತ್ತದೆ. ತಿಂಗಳಿಗೆ ಎಂಟುನೂರು ರೂಪಾಯಿ ಮಾತ್ರ ಎಂದು ಮಾರಾಟ ಪ್ರತಿನಿಧಿ ಹೇಳುವಾಗ ಎದುರು ಕುಳಿತ ಹುಡುಗ ತಲೆಯಾಡಿಸುತ್ತಾನೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ತಡವಾದ ತಿಂಗಳು ಆ ಎಂಟುನೂರು ಅವನ ಅಪ್ಪನ ಜೇಬಿನಿಂದ ಹೋಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ, ಸೆಸ್ ಸೇರಿ ಶೇ 29 ಇದ್ದದ್ದು, ಶೇ 18ಕ್ಕೆ ಇಳಿಯಿತು. ನಾಲ್ಕು ಮೀಟರಿಗಿಂತ ಗಿಡ್ಡ, 1200 ಸಿಸಿಗಿಂತ ಕಡಿಮೆ ಎಂಜಿನ್ನಿನ ಈ ಟರ್ಬೊ ಹ್ಯಾಚ್‌ಬ್ಯಾಕ್‌ಗಳಿಗೂ ಅದು ಅನ್ವಯಿಸುತ್ತದೆ. ಹತ್ತು ಲಕ್ಷದ ಕಾರಿನ ಮೇಲೆ ಸುಮಾರು 85 ಸಾವಿರ ರೂಪಾಯಿ ಇಳಿಕೆ. ಈ ಇಳಿಕೆ ಬಂದದ್ದು ಸರ್ಕಾರದ ಬೊಕ್ಕಸದಿಂದ. ಇನ್ನು ಮುಂದೆ ಪ್ರತಿ ಜನವರಿಯಲ್ಲಿ ಶೇ 3ರಷ್ಟು ಏರಿಸುತ್ತ ಹೋದರೆ ಮೂರೇ ಜನವರಿಗಳಲ್ಲಿ ಆ ಕಾರು ಮತ್ತೆ ಹತ್ತು ಲಕ್ಷಕ್ಕೆ ಬಂದು ನಿಲ್ಲುತ್ತದೆ. ಹಾಗಾಗಲು ಬಿಡಬೇಡಿ. ಜನರಿಗಾಗಿ ಬಿಟ್ಟ ತೆರಿಗೆ ಜನರ ಬಳಿಯೇ ಉಳಿಯಬೇಕು.

ಇಲ್ಲಿ ನಮ್ಮ ರಾಜ್ಯದ ಸಾರಿಗೆ ಇಲಾಖೆಗೂ ಒಂದು ಮಾತು ಹೇಳಬೇಕಾಗಿದೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14. ಹತ್ತು ಲಕ್ಷ ದಾಟಿದರೆ ಶೇ 17. ಎರಡರಲ್ಲೂ ತೆರಿಗೆಯ ಮೊತ್ತದ ಮೇಲೆ ಶೇ 11ರ ಸೆಸ್. ಹೆಚ್ಚಿನ ದರ ಬೀಳುವುದು ದಾಟಿದ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೆ. ಹೀಗಾಗಿ 9.99 ಲಕ್ಷದ ಕಾರಿಗೆ ಸರಿಸುಮಾರು 1.55 ಲಕ್ಷ ತೆರಿಗೆಯಾದರೆ, 10.05 ಲಕ್ಷದ ಕಾರಿಗೆ 1.89 ಲಕ್ಷ ದಾಟುತ್ತದೆ. ಕಂಪನಿ ಆರು ಸಾವಿರ ಏರಿಸಿದರೆ ಬೆಳಗಾವಿಯ ಗಿರಾಕಿ ತೆರಿಗೆಯಲ್ಲೇ ಮೂವತ್ತನಾಲ್ಕು ಸಾವಿರ ಹೆಚ್ಚು ಕೊಡುತ್ತಾನೆ. ನಿಪ್ಪಾಣಿ ದಾಟಿ ಕಾಗಲ್ ತಲುಪಿದರೆ ಮಹಾರಾಷ್ಟ್ರದಲ್ಲಿ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11. ನಮ್ಮ ಊರಿನ ಬೀದಿಗಳಲ್ಲಿ ಕೊಲ್ಹಾಪುರದಲ್ಲಿ ನೋಂದಣಿಯಾದ, ಎಂಎಚ್ 09 ಫಲಕದ ಕಾರುಗಳು ಅಷ್ಟೊಂದು ಕಾಣುವುದಕ್ಕೆ ಗಡಿಯ ನಂಟಸ್ತಿಕೆ ಒಂದೇ ಕಾರಣವಾಗಿರಲಾರದು. ಹಂತದ ಮೇಲಿನ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ ಹಾಕುವ ಕ್ರಮವನ್ನು ಇಲಾಖೆ ಪರಿಶೀಲಿಸಬೇಕು. ಕಂಪನಿಗಳಿಗೂ ಈ ಗೆರೆ ಎಲ್ಲಿದೆ ಎಂಬುದು ಗೊತ್ತು. ಹಾಗಾಗಿ ಹತ್ತು ಲಕ್ಷದ ಅಂಚಿನಲ್ಲಿರುವ ವೇರಿಯಂಟನ್ನು ಒಂದು ಸ್ಟಿಕ್ಕರಿಗಾಗಿ ಗೆರೆ ದಾಟಿಸುವಾಗ, ಕರ್ನಾಟಕದ ಗಿರಾಕಿಯ ಮೇಲೆ ಏನು ಬೀಳುತ್ತದೆ ಎಂಬ ಲೆಕ್ಕವನ್ನೂ ಹಾಕಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಬೆಲೆಪಟ್ಟಿಯ ಜತೆಗೆ ಒಂದು ಪುಟದ ರಿವಿಷನ್ ಪತ್ರ ಕೊಡಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಶನ್, ಕವಚ ಇವುಗಳಲ್ಲಿ ಏನು ಬದಲಾಯಿತು, ಕಾನೂನಿಗಾಗಿ ಏನು ಸೇರಿತು, ನೋಟಕ್ಕಾಗಿ ಏನು ಸೇರಿತು, ಕಚ್ಚಾ ವಸ್ತುವಿನ ಪಾಲು ಎಷ್ಟು ಎಂದು ವೇರಿಯಂಟುವಾರು ಬರೆಯಿರಿ. ಏನೂ ಬದಲಾಗದ ವರ್ಷ ಏನೂ ಬದಲಾಗಿಲ್ಲ ಎಂದೇ ಬರೆಯಿರಿ, ಆ ಪ್ರಾಮಾಣಿಕತೆಗೆ ಗಿರಾಕಿ ಬೆಲೆ ಕೊಡುತ್ತಾನೆ. ಬಣ್ಣ, ಹೊಲಿಗೆ, ಲಾಂಛನಗಳನ್ನು ಬೇಕಾದವರಿಗೆ ಮಾತ್ರ ಬೇರೆ ಹಣಕ್ಕೆ ಮಾರಿ. ಎಂಜಿನನ್ನು ಅವುಗಳಿಗೆ ಕಟ್ಟಿಹಾಕಬೇಡಿ. ನಿಜವಾಗಿಯೂ ಡ್ಯಾಂಪರನ್ನೋ ಬ್ರೇಕನ್ನೋ ಸುಧಾರಿಸಿದ ವರ್ಷ, ಆ ಭಾಗವನ್ನು ಹಳೆಯ ಗಿರಾಕಿಯೂ ಸರ್ವೀಸ್ ಕೇಂದ್ರದಲ್ಲಿ ಹಣ ಕೊಟ್ಟು ತನ್ನ ಕಾರಿಗೆ ಹಾಕಿಸಿಕೊಳ್ಳುವಂತೆ ಮಾಡಿ. ಭಾಗ ಹೊಂದುವುದಾದರೆ ಕೊಡದೆ ಇರಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಅಂಥ ಹೆಚ್ಚುವರಿ ಭಾಗಗಳ ಬೇಡಿಕೆ ಬಂದರೆ ಎರಕ ಹೊಯ್ಯಲು, ಯಂತ್ರಕ್ಕೆ ಹಾಕಲು ಇಲ್ಲಿಯ ಶೆಡ್‌ಗಳು ಸಿದ್ಧವಾಗಿವೆ.

ಮುಂದಿನ ಡಿಸೆಂಬರ್‌ನ ಪ್ರಕಟಣೆಯ ಜತೆಗೇ ಆ ಪುಟವನ್ನು ಬಿಡುಗಡೆ ಮಾಡಿ. ಬೆಳಗಾವಿಯ ಶೋರೂಮ್‌ಗಳಲ್ಲಿ ಅದನ್ನು ಕನ್ನಡದಲ್ಲಿ ಮುದ್ರಿಸಿ, ಜತೆಗೆ ಮರಾಠಿಯಲ್ಲೂ ಮುದ್ರಿಸಿ, ಬೆಲೆಪಟ್ಟಿಯ ಪಕ್ಕದಲ್ಲೇ ಅಂಟಿಸಿ. ನನ್ನ ಶಾಪಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು ಇಂಥ ಕಾರಿಗಾಗಿ ಹಣ ಕೂಡಿಡುತ್ತಿದ್ದಾರೆ. ಡ್ರಾಯಿಂಗ್ ಓದಲು ಬಲ್ಲವರು ಅವರು, ನಿಮ್ಮ ಪುಟವನ್ನೂ ಓದುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮಷಿನ್ ಶಾಪ್ ಮಾಲೀಕ,
ಉದ್ಯಮಬಾಗ್, ಬೆಳಗಾವಿ